ಕಲ್ಲಾಮೆ ಕಾರಂಜಿಯ ಬಳಿ

ನನ್ನ ಮಗಳು ಗ್ರೆಟಾ ರಜೆಗೆ ಹೊರಡುವುದೂ ಒಂದೇ, ಬೇರೆಯವರು ದಂಡಯಾತ್ರೆಗೆ ಹೊರಡುವುದೂ ಒಂದೇ. ಫ್ಲಾರಿಡಾದ ಒಂದು ದೊಡ್ಡ ಮನರಂಜನಾ ಪಾರ್ಕಿನಲ್ಲಿ ನಾಲ್ಕು ದಿನ ಕಳೆಯಲು ಅವಳು ಹದಿನಾಲ್ಕು ತಿಂಗಳು ತಯಾರಿ ನಡೆಸಿದ್ದಳು. ಯಾವ ರೈಡಿಗೆ ಎಷ್ಟು ಹೊತ್ತಿಗೆ ಸಾಲು ಚಿಕ್ಕದು, ಮೆರವಣಿಗೆ ನೋಡಲು ಯಾವ ಕಟ್ಟೆಯ ಮೇಲೆ ಎಷ್ಟು ಮುಂಚೆ ಹೋಗಿ ಕೂರಬೇಕು, ಯಾವ ಶೌಚಾಲಯದಲ್ಲಿ ಜನ ಕಡಿಮೆ, ಎಲ್ಲ ಬರೆದಿಟ್ಟಿದ್ದಳು. ಒಟ್ಟು ಮೂವತ್ತೊಂದು ಬಾಬತ್ತು. ಅದನ್ನು ಕಾರ್ಡಿನ ಮೇಲೆ ಅಚ್ಚು ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ದಾರ ಪೋಣಿಸಿ, ಮೊದಲ ದಿನ ಬೆಳಿಗ್ಗೆ ಹೋಟೆಲ್ ಕೋಣೆಯಲ್ಲಿ ಆರು ಜನಕ್ಕೂ ಒಂದೊಂದು ಹಂಚಿದಳು. ಜೊತೆಗೆ ಆರು ಕಿತ್ತಳೆ ಬಣ್ಣದ ಟೀ ಶರ್ಟು. ಬೆನ್ನ ಮೇಲೆ ಮನೆತನದ ಹೆಸರು, ಅದರ ಕೆಳಗೆ ಅವಳ ಫೋನ್ ನಂಬರು.

"ಕುತ್ತಿಗೆಗೆ ಹಾಕ್ಕೊಳ್ಳಮ್ಮ, ನಾಲ್ಕು ದಿನಾನೂ ತೆಗೀಬಾರ್ದು," ಎಂದಳು.

"ನಾನೇನು ಹಸುನಾ, ಕೊರಳಿಗೆ ಗಂಟೆ ಕಟ್ಕೊಂಡು ತಿರುಗೋಕೆ?"

ಅವಳ ಗಂಡ ಕ್ಲಿಫ್ ಕಾಫಿ ಲೋಟದೊಳಗೇ ನಕ್ಕ. ನಾನು ಕಾರ್ಡನ್ನು ಓದಿಯೂ ನೋಡದೆ ಕೈಚೀಲದ ತಳಕ್ಕೆ ತುರುಕಿದೆ. ನನ್ನ ಸ್ವಭಾವವೇ ಅಷ್ಟು. ಬೇಡ ಅನ್ನಿಸಿದ್ದನ್ನು ನಾನು ತಿರುಗಿ ನೋಡುವವಳಲ್ಲ.

ಕಾರ್ಡನ್ನು ಖುಷಿಯಿಂದ ಹಾಕಿಕೊಂಡವನು ನನ್ನ ಗಂಡ ವೆಂಡೆಲ್ ಒಬ್ಬನೇ. ಒಹಾಯೋದ ಕಾಗದದ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಬಾಯ್ಲರು ನೋಡಿಕೊಂಡವನು. ಈಗ ಎಪ್ಪತ್ತಾರು. ಮೂರು ವರ್ಷದಿಂದ ನೆನಪು ಸೋರುತ್ತಿತ್ತು. ಮೊಮ್ಮಕ್ಕಳ ಹೆಸರು ಹೋಗಿತ್ತು, ಮನೆ ನಂಬರು ಹೋಗಿತ್ತು, ಆದರೆ ಓದು ಉಳಿದಿತ್ತು. ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದ. ಅಂಗಡಿ ಬೋರ್ಡು, ಔಷಧಿ ಡಬ್ಬಿ, ಬಸ್ಸಿನ ಹಿಂಬದಿ, ಯಾವುದನ್ನೂ ಬಿಡುತ್ತಿರಲಿಲ್ಲ. ಬರೆದದ್ದನ್ನು ಓದಿದರೆ ಅದರಂತೆ ಮಾಡಲೇಬೇಕು ಎನ್ನುವ ಬಾಯ್ಲರು ಮನೆಯ ಶಿಸ್ತೂ ಉಳಿದಿತ್ತು. 'ತಳ್ಳಿ' ಎಂದು ಬರೆದ ಬಾಗಿಲನ್ನು ಯಾರಾದರೂ ಎಳೆದರೆ ಅವನಿಗೆ ಸಿಟ್ಟು ಬರುತ್ತಿತ್ತು.

ಇನ್ನೊಂದು ಉಳಿದಿತ್ತು. ಅವನು ನನ್ನನ್ನು ಬಾಸ್ ಎಂದು ಕರೆಯುತ್ತಿದ್ದ. ಮದುವೆಯಾದ ವಾರವೇ, ಮಸಿ ಮೆತ್ತಿದ ಬೂಟು ಹಾಕಿಕೊಂಡು ಅಡುಗೆಮನೆಗೆ ಬಂದವನನ್ನು ನಾನು ಹೊಸ್ತಿಲಾಚೆ ನಿಲ್ಲಿಸಿದ್ದೆ. "ಸರಿ ಬಾಸ್," ಎಂದು ಸೆಲ್ಯೂಟ್ ಹೊಡೆದಿದ್ದ. ಅಂದಿನಿಂದ ನನ್ನ ಡೊರೀನ್ ಎಂಬ ಹೆಸರನ್ನು ಅವನ ಬಾಯಲ್ಲಿ ನಾನು ಕೇಳಿದ್ದಿಲ್ಲ. ಬೇರೆ ಏನು ಹೋದರೂ ಹೋಗಲಿ, ಬಾಸ್ ಎನ್ನುವುದೊಂದು ಉಳಿಯಲಿ ಎಂದು ನಾನು ಪ್ರತಿದಿನ ಬೆಳಿಗ್ಗೆ ಕಾಯುತ್ತಿದ್ದೆ. ಅವನು ಕಣ್ಣು ಬಿಟ್ಟು ಅದನ್ನು ಹೇಳಿದ ಮೇಲೆಯೇ ನನಗೆ ಉಸಿರು ಬರುತ್ತಿದ್ದದ್ದು.

ಹೊರಡುವ ಮುಂಚೆ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದ್ದರು. "ಹೋಗಿ ಬನ್ನಿ, ಬೇಡ ಅನ್ನಲ್ಲ. ಆದ್ರೆ ಅವರ ದಿನ ಚಿಕ್ಕದಾಗಿರ್ಲಿ. ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ನಿದ್ದೆ, ಸಂಜೆ ಒಂದು ಕಡೆ. ಸಾಕು. ಬಿಸಿಲು, ಗದ್ದಲ, ದಣಿವು ಮೂರೂ ಸೇರಿದ್ರೆ ಇರೋ ನೆನಪೂ ಕಳಚಿ ಬೀಳತ್ತೆ. ಬಿದ್ದದ್ದು ವಾಪಸ್ ಬರತ್ತೆ ಅಂತ ನಾನು ಹೇಳಲಾರೆ."

ಇದನ್ನು ಗ್ರೆಟಾಗೆ ಅಕ್ಷರ ಬಿಡದೆ ಹೇಳಿದ್ದೆ. ಅವಳು ತಲೆಯಾಡಿಸಿ ಪಟ್ಟಿಯಲ್ಲಿ ಮಧ್ಯಾಹ್ನ ಇಪ್ಪತ್ತು ನಿಮಿಷ 'ವಿಶ್ರಾಂತಿ' ಎಂದು ಸೇರಿಸಿದಳು. ಅದು ಹದಿಮೂರನೇ ಬಾಬತ್ತು.

ಮೊದಲ ದಿನ ಹೇಗೋ ಕಳೆಯಿತು. ಎರಡನೇ ದಿನ ನಾನು ಮುಷ್ಕರ ಹೂಡಿದೆ. ಗ್ರೆಟಾ, ಕ್ಲಿಫ್, ಒಂಬತ್ತು ವರ್ಷದ ಮೊಮ್ಮಗಳು ಜೂನಿ ಮೂವರೂ ಪಟ್ಟಿಯ ಹಿಂದೆ ಓಡಿದರು. ನಾನು, ವೆಂಡೆಲ್, ಐದು ವರ್ಷದ ಮೈಲೋ ಮೂವರೂ ಪಾರ್ಕಿನ ಪುಟ್ಟ ರೈಲು ನಿಲ್ದಾಣದ ನೆರಳಿನಲ್ಲಿ ಬೆಂಚು ಹಿಡಿದೆವು. ಪಾರ್ಕಿನ ಸುತ್ತ ಒಂದು ಉಗಿಬಂಡಿ ಸುತ್ತುತ್ತದೆ, ಇಪ್ಪತ್ತು ನಿಮಿಷಕ್ಕೊಂದು ಸಲ ಕೂಗುತ್ತ ಬಂದು ನಿಲ್ಲುತ್ತದೆ.

"ಬಾಸ್! ನೋಡಿಲ್ಲಿ, ಉಗಿಬಂಡಿ! ನಿಜವಾದ ಬಾಯ್ಲರು ಕಣೆ!" ವೆಂಡೆಲ್ ಎದ್ದು ನಿಂತ.

"ನೋಡ್ದೆ, ಕೂತ್ಕೋ."

"ಒತ್ತಡ ಜಾಸ್ತಿ ಇಟ್ಟಿದಾನೆ ಆ ಡ್ರೈವರು. ಶಬ್ದ ಕೇಳು. ಯಾರಾದ್ರೂ ಹೇಳ್ಬೇಕು ಅವನಿಗೆ."

ಬಂಡಿ ಹೋಯಿತು. ಇಪ್ಪತ್ತು ನಿಮಿಷಕ್ಕೆ ಮತ್ತೆ ಬಂತು.

"ಬಾಸ್! ನೋಡಿಲ್ಲಿ, ಉಗಿಬಂಡಿ!"

"ತಾತ, ಇದು ಆಗ್ಲೇ ಬಂದಿತ್ತು," ಎಂದ ಮೈಲೋ.

"ಹೌದಾ? ನಂಗ್ಯಾರೂ ಹೇಳ್ಲೇ ಇಲ್ಲ!"

ಮೈಲೋ ಬಿದ್ದು ಬಿದ್ದು ನಕ್ಕ. ಏಳು ಸಲ ಬಂಡಿ ಬಂತು, ಏಳು ಸಲವೂ ವೆಂಡೆಲ್‌ಗೆ ಅದು ಮೊದಲನೇ ಸಲ. ನಾವು ಮೂವರೂ ಒಂದೇ ಟರ್ಕಿ ಕೋಳಿ ಕಾಲನ್ನು ಹಂಚಿಕೊಂಡು ಕಚ್ಚಿದೆವು. ಮಧ್ಯಾಹ್ನ ಕೋಣೆಗೆ ಹೋಗಿ ಮಲಗಿ, ಸಂಜೆ ಮತ್ತೆ ಬಂದು ಅದೇ ಬೆಂಚಿನಲ್ಲಿ ಕೂತೆವು. ಮೂರು ವರ್ಷದಲ್ಲಿ ಅಷ್ಟು ಸುಖದ ದಿನ ನಾನು ಕಂಡಿರಲಿಲ್ಲ.

ರಾತ್ರಿ ಹೋಟೆಲ್ ಕೋಣೆಗೆ ಗ್ರೆಟಾ ಬಂದಳು. ಜೂನಿಯ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಕ್ಲಿಫ್‌ನ ಮುಖ ಬೆಂದ ಏಡಿಯ ಹಾಗೆ ಕೆಂಪಾಗಿತ್ತು.

"ಇಡೀ ದಿನ ಅದೇ ಟ್ರೈನ್ ನೋಡ್ಕೊಂಡು ಕೂತಿದ್ರಾ? ಅದಕ್ಕೆ ಇಲ್ಲೀವರೆಗೂ ಬರ್ಬೇಕಿತ್ತಾ ಅಮ್ಮ?"

"ನಿಮ್ಮಪ್ಪ ನಗ್ತಿದ್ದದ್ದು ನೀನು ನೋಡ್ಬೇಕಿತ್ತು."

"ಅದೇ ಹೇಳ್ತಿರೋದು, ನಾನು ನೋಡ್ಲಿಲ್ಲ! ಎರಡು ದಿನದಲ್ಲಿ ಅಪ್ಪನ ಜೊತೆ ನಂದೊಂದು ಫೋಟೋ ಇಲ್ಲ. ಕ್ರಿಸ್‌ಮಸ್ ಹೊತ್ತಿಗೆ ಅವರಿಗೆ ನಾನ್ಯಾರು ಅಂತಾನೇ ಗೊತ್ತಿರತ್ತೋ ಇಲ್ವೋ. ಇದೇ ಕೊನೇ ಸಲ ಅಂತ ನಿಂಗ್ಯಾಕೆ ಅರ್ಥ ಆಗಲ್ಲ?"

ಆಗ ನಾನು ಹೇಳಬೇಕಾಗಿದ್ದ ಮಾತು ಒಂದೇ. ನಾಳೆ ನೀನೂ ಬಂದು ನಮ್ಮ ಜೊತೆ ಬೆಂಚಿನ ಮೇಲೆ ಕೂತ್ಕೋ ಮಗಳೇ ಅನ್ನಬೇಕಿತ್ತು. ನನ್ನ ನಾಲಿಗೆ ಹೇಳಿದ್ದು ಬೇರೆ.

"ಆ ದರಿದ್ರ ಪಟ್ಟಿ ಬಿಸಾಕಿ ಕೂತಿದ್ರೆ ನಿಂಗೂ ಸಿಗ್ತಿತ್ತು ಫೋಟೋ."

ಅವಳು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು. ನೀರು ಬಿಟ್ಟುಕೊಂಡು ಅಳುತ್ತಿದ್ದದ್ದು ಗೋಡೆಯಾಚೆಗೆ ಕೇಳುತ್ತಿತ್ತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಬಾಗಿಲ ಹೊರಗೆ ನಿಂತು, "ನಾಳೆ ನಾವೂ ಬರ್ತೀವಿ, ಎಲ್ಲ ಒಟ್ಟಿಗೆ ಹೋಗೋಣ," ಎಂದುಬಿಟ್ಟೆ. ಡಾಕ್ಟರ ಮಾತನ್ನು ನಾನು ಮುರಿದದ್ದು ಹಾಗೆ.

ಮೂರನೇ ದಿನ ಗೇಟು ತೆಗೆಯುವ ಮುಂಚೆಯೇ ನಾವು ಜನರನ್ನು ತಡೆಯಲು ಕಟ್ಟಿದ ಹಗ್ಗದ ಮುಂದೆ ನಿಂತಿದ್ದೆವು. ಆಗಸ್ಟಿನ ಸೆಕೆ, ಬೆಳಿಗ್ಗೆ ಎಂಟಕ್ಕೇ ಬೆನ್ನು ಒದ್ದೆ. ವೆಂಡೆಲ್ ಸಾಲಿನಲ್ಲಿ ನಿಂತು ಕಾರ್ಡನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಮತ್ತೆ ಓದಿದ. ಮುಂದೆ ನಿಂತಿದ್ದ ಹೆಂಗಸು ತಿರುಗಿ ನೋಡಿದಳು. "ಸಾಕು ಮಾರಾಯ, ನಿಲ್ಸು," ಎಂದು ನಾನು ಅವನ ಕೈ ಹಿಸುಕಿದೆ. ಅವನು ಏನು ಓದುತ್ತಿದ್ದಾನೆಂದು ನಾನು ಕಿವಿಗೊಟ್ಟು ಕೇಳಲೇ ಇಲ್ಲ.

ಮಧ್ಯಾಹ್ನದೊಳಗೆ ಒಂಬತ್ತು ಬಾಬತ್ತು ಮುಗಿದವು. ಅವನು ಮೂರು ಸಲ ಕೇಳಿದ, "ಬಾಸ್, ಮನೆಗೆ ಹೋಗೋಣ್ವಾ?" ಮೂರು ಸಲವೂ ನಾನು, "ಇನ್ನೊಂದೇ ಒಂದು," ಎಂದೆ. ಗ್ರೆಟಾ ಅಪ್ಪನ ಹೆಗಲ ಮೇಲೆ ಕೈಹಾಕಿ ಹನ್ನೆರಡು ಫೋಟೋ ತೆಗೆಸಿಕೊಂಡಳು. ಅವಳ ಮುಖ ಅಷ್ಟು ಅರಳಿದ್ದನ್ನು ನೋಡಿ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಒಂದು ಗಂಟೆಗೆ ಕಾಗೆಗುಡ್ಡ ಎಂಬ ರೈಡು. ಗುಡ್ಡದೊಳಗೆ ನುಗ್ಗಿ ಹೊರಬರುವ ರೋಲರ್ ಕೋಸ್ಟರು. ಚಿಕ್ಕ ಮಕ್ಕಳಿರುವ ಸಂಸಾರಕ್ಕೆ ಅಲ್ಲೊಂದು ಅನುಕೂಲ ಉಂಟು. ಅರ್ಧ ಜನ ಹತ್ತಿ ಬರುವವರೆಗೆ ಉಳಿದರ್ಧ ಮಗುವಿನ ಜೊತೆ ಹೊರಗಿರಬಹುದು. ಆಮೇಲೆ ಇವರು ಒಂದು ಚೀಟಿ ತೋರಿಸಿ ಸಾಲಿಲ್ಲದೆ ಹತ್ತಬಹುದು. ಗ್ರೆಟಾ ಮತ್ತು ಜೂನಿ ಮೊದಲು ಹೋಗಿಬಂದರು. ಇನ್ನು ಕ್ಲಿಫ್‌ನ ಪಾಳಿ. ಚೀಟಿಯಲ್ಲಿ ಇನ್ನೊಬ್ಬರಿಗೆ ಜಾಗವಿತ್ತು.

"ಹೋಗಮ್ಮ, ನೀನು ಇಲ್ಲಿಗೆ ಬಂದು ಒಂದನ್ನೂ ಹತ್ತಿಲ್ಲ. ಅಪ್ಪನ್ನ ನಾನು ನೋಡ್ಕೋತೀನಿ."

"ಬನ್ನಿ ಡೊರೀನ್, ನಾಲ್ಕೇ ನಿಮಿಷ. ಭಯ ಆದ್ರೆ ನನ್ನ ಕೈ ಹಿಡ್ಕೊಳ್ಳಿ," ಎಂದು ಕ್ಲಿಫ್ ಛೇಡಿಸಿದ.

"ನೀನು ನನ್ನ ಕೈ ಹಿಡ್ಕೊಳ್ದಿದ್ರೆ ಸಾಕು."

ನಿಜ ಹೇಳುತ್ತೇನೆ, ನನಗೆ ಹೋಗಬೇಕೆನಿಸಿತು. ಮೂರು ವರ್ಷದಿಂದ ನಾನು ಚಿಲಕ ಹಾಕಿಕೊಂಡು ಸ್ನಾನ ಮಾಡಿರಲಿಲ್ಲ. ನಾಲ್ಕು ನಿಮಿಷ ಯಾರನ್ನೂ ಕಾಯದೆ ಕೂತು ಕಿರುಚಬೇಕೆನಿಸಿತು. ಊರಿಗೆಲ್ಲ ನಿಧಾನದ ಪಾಠ ಹೇಳಿದವಳು ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ದಕ್ಷಿಣದಲ್ಲಿ ಮೋಡ ಕಪ್ಪಾಗುತ್ತಿತ್ತು. ವೆಂಡೆಲ್‌ನನ್ನು ಬೆಂಚಿನ ಮೇಲೆ ಕೂರಿಸಿ, ಚೀಲದಿಂದ ಹಳದಿ ಪ್ಲಾಸ್ಟಿಕ್ ರೇನ್‌ಕೋಟು ತೆಗೆದು ಹಾಕಿದೆ. ಗಂಟಲವರೆಗೂ ಗುಂಡಿ ಒತ್ತಿದೆ. ಅವನು ಕಾರ್ಡನ್ನು ಕೋಟಿನ ಮೇಲೆ ಎಳೆದುಕೊಂಡ. ಅವನಿಗೆ ಬಟ್ಟೆ ಕಿತ್ತುಹಾಕುವ ಚಾಳಿ ಇತ್ತು, ಅದಕ್ಕೇ ಗದರಿ ಹೇಳಿದೆ.

"ನಾನು ಬರೋವರೆಗೂ ಇದನ್ನ ತೆಗೀಬಾರ್ದು. ಗೊತ್ತಾಯ್ತಾ?"

"ಸರಿ ಬಾಸ್," ಎಂದ. ಎರಡು ಬೆರಳು ಹಣೆಗೆ ತಾಗಿಸಿದ.

ನಮ್ಮ ಬಂಡಿ ಗುಡ್ಡದೊಳಗೆ ಹೋದದ್ದೇ ಸಿಡಿಲು ಹೊಡೆಯಿತು. ಸಿಡಿಲಿರುವಾಗ ಅಲ್ಲಿ ಎಲ್ಲ ರೈಡೂ ನಿಲ್ಲಿಸುತ್ತಾರೆ. ಕತ್ತಲಲ್ಲಿ ಐವತ್ತು ನಿಮಿಷ ಕೂತೆವು. ಫೋನಿಗೆ ಸಿಗ್ನಲ್ಲಿರಲಿಲ್ಲ. ಹೊರಗೆ ಬಂದಾಗ ಮಳೆ ನಿಂತು ಸುಡುಬಿಸಿಲು ಬಿದ್ದಿತ್ತು, ನೆಲದಿಂದ ಹಬೆ ಏಳುತ್ತಿತ್ತು. ಬೆಂಚು ಖಾಲಿ. ಗ್ರೆಟಾ ಎದುರಿನ ಟೋಪಿ ಅಂಗಡಿಯಿಂದ ಓಡಿ ಬಂದಳು.

"ಅಪ್ಪ ನಿನ್ ಜೊತೆ ಇದಾರಾ?"

ನಾನು ಖಾಲಿ ಬೆಂಚಿನ ಹಿಂದಕ್ಕೆ ಹೋಗಿ ನೋಡಿದೆ.

ಮಳೆ ಧಾರಾಕಾರ ಸುರಿದಾಗ ಅವಳು ಎರಡು ಮಕ್ಕಳನ್ನು ಎರಡು ಕೈಯಲ್ಲಿ ಹಿಡಿದು, "ಬಾ ಅಪ್ಪ, ನನ್ನ ಹಿಂದೇನೇ ಬಾ," ಎಂದು ಅಂಗಡಿಗೆ ಓಡಿದ್ದಳು. ಹಿಂದೆ ಹಳದಿ ರೇನ್‌ಕೋಟು ಬರುತ್ತಿದ್ದದ್ದನ್ನೂ ನೋಡಿದ್ದಳು. ಅಂಗಡಿಯೊಳಗೆ ಆ ಕೋಟಿನವನು ತಲೆಯ ಟೊಪ್ಪಿಗೆ ಸರಿಸಿದರೆ ಯಾರೋ ಗಡ್ಡದ ಹುಡುಗ. ಆ ಮಳೆಯಲ್ಲಿ ಪಾರ್ಕಿನ ಅರ್ಧ ಜನ ಅದೇ ಕೋಟು ಹಾಕಿದ್ದರು. ಮಕ್ಕಳನ್ನು ಎಳೆದುಕೊಂಡು ವಾಪಸ್ ಬೆಂಚಿಗೆ ಬಂದಾಗ ಅವನಿರಲಿಲ್ಲ. ನನ್ನನ್ನು ಹುಡುಕಿಕೊಂಡು ರೈಡಿನ ಬಾಗಿಲಿಗೆ ಹೋಗಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

"ರೈಲು! ಅಲ್ಲಿಗೇ ಹೋಗಿರ್ತಾನೆ," ಎಂದೆ. ಇದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಗಂಡನನ್ನು ಬಲ್ಲವಳು ನಾನೇ ಎಂಬ ಜಂಬ. ನಿಲ್ದಾಣಕ್ಕೆ ಓಡಿದೆವು. ಸಿಡಿಲಿಗೆ ಬಂಡಿ ನಿಲ್ಲಿಸಿದ್ದರು, ಪ್ಲಾಟ್‌ಫಾರ್ಮಿನಲ್ಲಿ ನರಪಿಳ್ಳೆ ಇಲ್ಲ. ಹಾಗಾದರೆ ಹಳಿ ಹಿಡಿದು ನಡೆದಿರುತ್ತಾನೆ ಎಂದೆ. ನನ್ನ ಮಾತು ಕೇಳಿ ಪಾರ್ಕಿನವರು ಹಳಿಯುದ್ದಕ್ಕೂ ಜನ ಕಳಿಸಿದರು.

ಪಾರ್ಕಿನ ಅಧಿಕಾರಿ ಹೆಂಗಸು ಗುರುತು ಬರೆದುಕೊಂಡಳು. "ಮೈಮೇಲೆ ಏನಿತ್ತು?"

"ಕಿತ್ತಳೆ ಟೀ ಶರ್ಟು, ಬೆನ್ನ ಮೇಲೆ ನನ್ನ ಫೋನ್ ನಂಬರಿದೆ," ಎಂದಳು ಗ್ರೆಟಾ. "ಮೇಲೆ ಹಳದಿ ರೇನ್‌ಕೋಟು."

"ಮಳೆ ನಿಂತು ಎಷ್ಟೊತ್ತಾಯ್ತು?" ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. "ಈ ಧಗೆಯಲ್ಲಿ ಯಾರಾದ್ರೂ ಪ್ಲಾಸ್ಟಿಕ್ ಹೊದ್ಕೊಂಡು ನಿಲ್ತಾರಾ? ಕಿತ್ತಳೆ ಅಂತ ಬರ್ಕೊಳ್ಳಿ."

ಅಧಿಕಾರಿ ಹಾಗೆಯೇ ಬರೆದುಕೊಂಡಳು. ಪಾರ್ಕಿನ ತುಂಬ ಜನ ಕಿತ್ತಳೆ ಬಣ್ಣವನ್ನು ಹುಡುಕಿದರು. ಮೂರು ಗಂಟೆಯಾಯಿತು, ನಾಲ್ಕಾಯಿತು. ಮೆರವಣಿಗೆ ಬಂತು, ಡೋಲು ಬಡಿದುಕೊಂಡು ಹೋಯಿತು. ಜೂನಿ ಅಳುತ್ತಿದ್ದಳು. ಗ್ರೆಟಾ ಒಂದೇ ಮಾತು ಹೇಳುತ್ತಿದ್ದಳು, "ನಾನು ತಿರುಗಿ ನೋಡ್ದೆ ಅಮ್ಮ. ನಿಜವಾಗ್ಲೂ ತಿರುಗಿ ನೋಡ್ದೆ."

ಐದು ಗಂಟೆಯ ಹೊತ್ತಿಗೆ ಅಧಿಕಾರಿ ಅವನ ಔಷಧಿಗಳ ಹೆಸರು ಕೇಳಿದಳು. ಚೀಟಿ ಹುಡುಕಲು ಕೈಚೀಲವನ್ನು ಮೇಜಿನ ಮೇಲೆ ಸುರಿದೆ. ಔಷಧಿ ಚೀಟಿಯ ಜೊತೆ ಮೊದಲ ದಿನ ತುರುಕಿದ್ದ ಕಾರ್ಡೂ ಬಿತ್ತು. ಮೊದಲ ಸಲ ಅದನ್ನು ಓದಿದೆ. ಮೂವತ್ತೊಂದು ಬಾಬತ್ತಿನ ಕೆಳಗೆ, ಕೆಂಪಕ್ಷರದಲ್ಲಿ, ಒಂದು ಸಾಲು ಬೇರೆಯಾಗಿತ್ತು.

'ತಪ್ಪಿಸಿಕೊಂಡರೆ: ಗೇಟಿನ ಬಳಿಯ ಕಲ್ಲಾಮೆ ಕಾರಂಜಿಗೆ ಹೋಗಿ. ಅಲ್ಲೇ ನಿಲ್ಲಿ. ನಾವು ಬರುವವರೆಗೆ ಕದಲಬೇಡಿ.'

"ಗ್ರೆಟಾ, ಇದೇನಿದು?"

ಅವಳು ನೋಡಿದಳು. "ಅದು ಮಕ್ಕಳಿಗೆ ಅಂತ ಬರ್ದಿದ್ದು. ಅಪ್ಪಂಗೆ ಅಲ್ಲ... ಅಪ್ಪಂಗೆ ಅದೆಲ್ಲಿ ನೆನಪಿರತ್ತೆ ಅಂತ..."

ನೆನಪಿನ ಪ್ರಶ್ನೆ ಎಲ್ಲಿತ್ತು? ಕಾರ್ಡು ಅವನ ಎದೆಯ ಮೇಲೇ ಇತ್ತು. ಮೂರು ದಿನದಿಂದ ನಮ್ಮ ಕಿವಿಯ ಹತ್ತಿರವೇ ಓದುತ್ತಿದ್ದ. ಇಡೀ ಸಂಸಾರದಲ್ಲಿ ಆ ಕಾರ್ಡಿನಂತೆ ನಡೆದವನು ಅವನೊಬ್ಬನೇ.

ಕಾರಂಜಿಯ ಸುತ್ತ ಬರೀ ಕಲ್ಲುಹಾಸು, ಒಂದು ಮರವಿಲ್ಲ. ವೆಂಡೆಲ್ ಅದರ ಅಂಚಿನ ಕಲ್ಲಿನ ಆಮೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಿದ್ದ. ಹಳದಿ ರೇನ್‌ಕೋಟು ಮೈಮೇಲೇ ಇತ್ತು, ಗಂಟಲವರೆಗೆ ಗುಂಡಿ ಹಾಕಿದ್ದು ಹಾಗೇ ಇತ್ತು. ಪ್ಲಾಸ್ಟಿಕ್ಕಿನ ಒಳಗೆಲ್ಲ ಹಬೆ ಕಟ್ಟಿತ್ತು. ಬೆನ್ನ ಮೇಲಿನ ಫೋನ್ ನಂಬರು ಯಾರಿಗೂ ಕಾಣುವಂತಿರಲಿಲ್ಲ. ಮುಖ ಒಣಗಿ, ಬೆವರು ನಿಂತು, ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

ಪಕ್ಕದ ಪಾಪ್‌ಕಾರ್ನ್ ಗಾಡಿಯ ಹೆಂಗಸು ಹೇಳಿದಳು, "ಎರಡು ಸಲ ನೀರು ಕೊಟ್ಟೆ ಕಣಮ್ಮ. ನೆರಳಿಗೆ ಬನ್ನಿ ಅಂದೆ. ಕದಲಬಾರ್ದು ಅಂದ್ರು. ಆ ಕೋಟಾದ್ರೂ ಬಿಚ್ಚಿ ಸರ್ ಅಂದೆ. ಬಾಸ್ ಬರೋವರೆಗೂ ತೆಗೆಯೋ ಹಾಗಿಲ್ಲ ಅಂದ್ರು. ಅಷ್ಟು ಖುಷಿಯಾಗಿ ಮಾತಾಡ್ತಿದ್ರು, ಇಲ್ಲೇ ಕೆಲಸ ಮಾಡೋರು ಅಂದ್ಕೊಂಡೆ."

ನಾನು ಗುಂಡಿಗೆ ಕೈ ಹಾಕುವಷ್ಟರಲ್ಲಿ ಅವನ ಮೊಣಕಾಲು ಕುಸಿಯಿತು. ಗುಂಡಿ ಬಿಚ್ಚುವಷ್ಟು ಹೊತ್ತಿಲ್ಲ ಎಂದು ಆಂಬುಲೆನ್ಸಿನವರು ಕೋಟನ್ನು ಕತ್ತರಿಯಲ್ಲಿ ಸೀಳಿದರು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಜ್ವರ ಇಳಿಯಿತು. ಜೀವಕ್ಕೆ ಅಪಾಯವಿಲ್ಲ, ಆದರೆ ಬಿಸಿ ತಲೆಗೇರಿತ್ತು, ಏನೇನು ಉಳಿದಿದೆಯೋ ಎಚ್ಚರವಾದ ಮೇಲೇ ಗೊತ್ತಾಗಬೇಕು ಎಂದರು ಅಲ್ಲಿನ ಡಾಕ್ಟರು. ಗ್ರೆಟಾ ಹೊರಗಿನ ಕುರ್ಚಿಯಲ್ಲಿ ಕಾರ್ಡು ಹಿಡಿದು ಕೂತಿದ್ದಳು. ಬೈಯುವ ಶಕ್ತಿ ನನಗೂ ಇರಲಿಲ್ಲ, ಬೈಯುವ ಹಕ್ಕೂ ಇರಲಿಲ್ಲ. ಅವಳ ತಲೆ ಸವರಿ ಒಳಗೆ ಹೋಗಿ, ದಿನಾ ಬೆಳಿಗ್ಗೆ ಕಾಯುವ ಹಾಗೆ ಮಂಚದ ಪಕ್ಕ ಕೂತು ಕಾದೆ.

ಎಂಟು ಗಂಟೆಗೆ ಕಣ್ಣು ಬಿಟ್ಟ. ನನ್ನನ್ನು ನೋಡಿದ. ಅವನ ಬೆರಳುಗಳು ಗಂಟಲ ಹತ್ತಿರ ಹೋಗಿ, ಅಲ್ಲಿ ಇಲ್ಲದ ಗುಂಡಿಯನ್ನು ಹಿಡಿದುಕೊಂಡವು.

"ಸೆಕೆ ಆಗ್ತಿದೆ," ಎಂದ.

"ತೆಗೆದುಬಿಡು ವೆಂಡೆಲ್. ನಾನು ಬಂದೆ. ಇನ್ನು ತೆಗೀಬೋದು."

ಅವನು ಗುರುತಿಲ್ಲದ ಹೆಂಗಸರಿಗೆ ತೋರಿಸುವ ಮರ್ಯಾದೆಯಿಂದ ನಕ್ಕ.

"ಪರವಾಗಿಲ್ಲಮ್ಮ, ನೀವು ಹೇಳಿದ್ರಲ್ಲ, ಸಂತೋಷ. ಆದ್ರೆ ಬಾಸ್ ಬಂದು ಹೇಳ್ಬೇಕು," ಎಂದ. ಗುಂಡಿಯ ಜಾಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ನನ್ನ ಭುಜದ ಮೇಲಿಂದ ಬಾಗಿಲ ಕಡೆ ನೋಡುತ್ತ ಮಲಗಿದ.